ಕ್ಯಾಥರೀನ್ ಬರ್ಡೆಕಿನ್

ಕ್ಯಾಥರೀನ್ ಬರ್ಡೆಕಿನ್ (ಜನನ: ೨೩ ಜುಲೈ ೧೮೯೬, ಮರಣ: ೧೦ ಆಗಸ್ಟ್ ೧೯೬೩) ಇಂಗ್ಲೆಂಡಿನ ಕಾದಂಬರಿಕಾರ್ತಿ. ಬ್ರಿಟಿಷ್ ವೈಜ್ಞಾನಿಕ ಕಥಾಸಾಹಿತ್ಯದ ಆರಂಭಕಾಲದ ಮುಖ್ಯ ಲೇಖಕಿಯರಲ್ಲಿ ಒಬ್ಬರು. ನಾತ್ಸಿ ಆಳ್ವಿಕೆ ಏಳು ಶತಮಾನಗಳ ಕಾಲ ಅಳಿಯದೆ ಉಳಿದ ಜಗತ್ತನ್ನು ಚಿತ್ರಿಸುವ 'ಸ್ವಸ್ತಿಕ ನೈಟ್' (೧೯೩೭) ಇವರ ಪ್ರಸಿದ್ಧ ಕೃತಿ. ಇದು ಮರ್ರೆ ಕಾನ್‌ಸ್ಟಂಟೈನ್ ಎಂಬ ಪುರುಷನಾಮದಲ್ಲಿ ಪ್ರಕಟವಾಯಿತು. ಆ ಹೆಸರಿನಲ್ಲಿ ಬರೆದವರು ಬರ್ಡೆಕಿನ್ ಎಂಬುದು ಅವರು ತೀರಿಕೊಂಡು ಎರಡು ದಶಕಗಳಾದ ಮೇಲಷ್ಟೇ ಖಚಿತವಾಯಿತು.

ಆರಂಭಿಕ ಜೀವನ

ಡರ್ಬಿಶೈರಿನ ಸ್ಪಾಂಡನ್ ಎಂಬಲ್ಲಿ ಜನಿಸಿದ ಇವರ ಮೊದಲ ಹೆಸರು ಕ್ಯಾಥರೀನ್ ಪೆನೆಲೊಪಿ ಕೇಡ್. ನಾಲ್ವರು ಮಕ್ಕಳಲ್ಲಿ ಕೊನೆಯವರು. ಮನೆಪಾಠದ ನಂತರ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಸಹೋದರರಂತೆ ಆಕ್ಸ್‌ಫರ್ಡಿನಲ್ಲಿ ಓದಬೇಕೆಂಬ ಹಂಬಲವಿದ್ದರೂ ತಂದೆತಾಯಿ ಸಮ್ಮತಿಸಲಿಲ್ಲ. ೧೯೧೫ರಲ್ಲಿ ಒಲಿಂಪಿಕ್ ದೋಣಿಸ್ಪರ್ಧಿಯೂ ವಕೀಲರೂ ಆಗಿದ್ದ ಬ್ಯೂಫರ್ಟ್ ಬರ್ಡೆಕಿನ್ ಅವರನ್ನು ವಿವಾಹವಾದರು. ಮೊದಲ ಮಹಾಯುದ್ಧದ ಕಾಲದಲ್ಲಿ ಚೆಲ್ಟನ್‌ಹ್ಯಾಮಿನ ಕುದುರೆಪಂದ್ಯದ ಮೈದಾನದಲ್ಲಿ ತೆರೆಯಲಾಗಿದ್ದ ಸೈನಿಕ ಆಸ್ಪತ್ರೆಯಲ್ಲಿ ಸ್ವಯಂಸೇವಕ ದಾದಿಯಾಗಿ ಗಾಯಾಳುಗಳ ಶುಶ್ರೂಷೆ ಮಾಡಿದರು.

೧೯೨೦ರಲ್ಲಿ ಪತಿ ಹಾಗೂ ಇಬ್ಬರು ಹೆಣ್ಣುಮಕ್ಕಳೊಡನೆ ಆಸ್ಟ್ರೇಲಿಯಾಕ್ಕೆ ತೆರಳಿದರು. ಮೊದಲ ಕಾದಂಬರಿ 'ಆ್ಯನಾ ಕಾಲ್‌ಕ್ಹೂನ್' ೧೯೨೨ರಲ್ಲಿ ಹೊರಬಂದಿತು. ದಾಂಪತ್ಯ ಮುರಿದುಬಿದ್ದ ಬಳಿಕ ಮಕ್ಕಳೊಂದಿಗೆ ಇಂಗ್ಲೆಂಡಿಗೆ ಮರಳಿ ಕಾರ್ನ್‌ವಾಲಿನ ಕಡಲತೀರದಲ್ಲಿ ಅಕ್ಕ ರೊವೀನಾ ಕೇಡ್ ಅವರ ಬಳಿ ನೆಲೆಸಿದರು. (ಅದೇ ಕಡಲಬಂಡೆಗಳಲ್ಲಿ ರೊವೀನಾ ಕಟ್ಟಿಸಿದ ಮಿನಾಕ್ ಬಯಲು ರಂಗಮಂದಿರ ಇಂದಿಗೂ ಪ್ರೇಕ್ಷಕರನ್ನು ಸೆಳೆಯುತ್ತಿದೆ.) ೧೯೨೬ರಲ್ಲಿ ಪರಿಚಯವಾದ ಮಹಿಳೆಯೊಬ್ಬರು ಇವರ ಜೀವನಪರ್ಯಂತದ ಸಂಗಾತಿಯಾದರು.

ಸಾಹಿತ್ಯ

೧೯೨೯ರ 'ದಿ ರೆಬೆಲ್ ಪ್ಯಾಶನ್' ಕೃತಿಯಲ್ಲಿ ಮಧ್ಯಯುಗದ ಸನ್ಯಾಸಿಯೊಬ್ಬ ಮುಂಬರುವ ಶತಮಾನಗಳನ್ನು ದರ್ಶನದಲ್ಲಿ ಕಾಣುತ್ತಾನೆ. 'ಕ್ವಯಟ್ ವೇಸ್' (೧೯೩೦) ಯುದ್ಧವಿರೋಧಿ ಕಾದಂಬರಿ. ೧೯೩೪ರಿಂದ ಬರ್ಡೆಕಿನ್ ಅವರು ಕಾನ್‌ಸ್ಟಂಟೈನ್ ಎಂಬ ಹೆಸರಿನ ಮರೆಗೆ ಸರಿದರು. ಫ್ಯಾಸಿಸ್ಟರನ್ನು ಖಂಡಿಸುವ ಬರಹಗಳಿಂದ ಕುಟುಂಬಕ್ಕೆ ಅಪಾಯವಾಗದಿರಲೆಂಬ ಎಚ್ಚರಿಕೆ ಇದಕ್ಕೆ ಕಾರಣವೆಂದು ಹೇಳಲಾಗುತ್ತದೆ. ಆ ಹೆಸರಿನಲ್ಲಿ ಬಂದ 'ಪ್ರೌಡ್ ಮ್ಯಾನ್' ಕಾದಂಬರಿಯಲ್ಲಿ ಹೆಣ್ಣುಗಂಡೆಂಬ ಭೇದವಿಲ್ಲದ ಭವಿಷ್ಯದ ಜೀವಿಯೊಂದು ೧೯೩೦ರ ದಶಕದ ಇಂಗ್ಲೆಂಡಿಗೆ ಬಂದು ಅಲ್ಲಿನ ಸ್ತ್ರೀಪುರುಷರ ನಡಾವಳಿಯನ್ನು ಪರಿಶೀಲಿಸುತ್ತದೆ.

ಸ್ವಸ್ತಿಕ ನೈಟ್

ಶೀರ್ಷಿಕೆಯಲ್ಲಿರುವುದು ಭಾರತೀಯರು ಮಂಗಳಸೂಚಕವೆಂದು ಬಾಗಿಲಲ್ಲಿ ಬರೆಯುವ ಸ್ವಸ್ತಿಕವಲ್ಲ, ನಾತ್ಸಿ ಪಕ್ಷದ ಲಾಂಛನ. ಕಥೆ ನಡೆಯುವ ಕಾಲಕ್ಕೆ ಜಗತ್ತು ಜರ್ಮನ್ ಮತ್ತು ಜಪಾನಿ ಸಾಮ್ರಾಜ್ಯಗಳ ನಡುವೆ ಹಂಚಿಹೋಗಿದೆ. ಹಿಟ್ಲರ್ ದೇವರಾಗಿದ್ದಾನೆ. ಆತ ಏಳಡಿ ಎತ್ತರದ ಹೊಂಗೂದಲಿನ ವೀರನೆಂದೂ ಹೆಣ್ಣಿನ ಗರ್ಭದಿಂದ ಹುಟ್ಟಿದವನಲ್ಲವೆಂದೂ ಜನ ನಂಬುತ್ತಾರೆ. ಯಹೂದಿಗಳು ನಿರ್ನಾಮವಾಗಿದ್ದು, ಕ್ರೈಸ್ತರು ಬಹಿಷ್ಕೃತರಾಗಿ ಬದುಕುತ್ತಿದ್ದಾರೆ. ಹಳೆಯ ಪುಸ್ತಕಗಳನ್ನೆಲ್ಲ ಸುಟ್ಟುಹಾಕಲಾಗಿದೆ. ಹೆಂಗಸರನ್ನು ತಲೆ ಬೋಳಿಸಿ ಬೇಲಿಯೊಳಗೆ ಕೂಡಿಹಾಕಲಾಗಿದೆ. ಗಂಡುಮಗು ಒಂದೂವರೆ ವರ್ಷದ್ದಾಗುತ್ತಲೇ ಅದನ್ನು ತಾಯಿಯಿಂದ ಕಿತ್ತುಕೊಳ್ಳುತ್ತಾರೆ. ಹೀಗೆ ತುಳಿಯಲ್ಪಟ್ಟ ಸಮಾಜದಲ್ಲಿ ಹೆಣ್ಣುಮಕ್ಕಳು ಹುಟ್ಟುವುದೇ ಕಡಿಮೆಯಾಗುತ್ತ ಬಂದಿದ್ದು, ಆಳುವವರಿಗೆ ಒಳಗೊಳಗೇ ಭಯ ಆರಂಭವಾಗಿದೆ.

ಆಲ್‌ಫ್ರೆಡ್ ಎಂಬ ಇಂಗ್ಲಿಷ್ ವಿಮಾನ ಮೆಕ್ಯಾನಿಕ್ ಜರ್ಮನಿಗೆ ಯಾತ್ರೆ ಬಂದಾಗ, ಗಂಡುಸಂತಾನವನ್ನು ಕಳೆದುಕೊಂಡ ವೃದ್ಧ ಸರದಾರನೊಬ್ಬ ತನ್ನ ವಂಶದಲ್ಲಿ ಗುಟ್ಟಾಗಿ ಉಳಿದುಬಂದ ನಿಜವಾದ ಇತಿಹಾಸದ ಪುಸ್ತಕವನ್ನೂ ಒಂದು ಛಾಯಾಚಿತ್ರವನ್ನೂ ತೋರಿಸುತ್ತಾನೆ. ಚಿತ್ರದಲ್ಲಿರುವ ಹಿಟ್ಲರ್ ಸಾಮಾನ್ಯ ಎತ್ತರದ, ಕಪ್ಪುಗೂದಲಿನ ಮನುಷ್ಯ. ಆದರೆ ಆಲ್‌ಫ್ರೆಡ್‌ನನ್ನು ಹೆಚ್ಚು ಬೆಚ್ಚಿಬೀಳಿಸುವುದು ಪಕ್ಕದಲ್ಲಿ ನಿಂತ ಹುಡುಗಿ. ನೆಟ್ಟಗೆ ನಿಂತು ನಿರ್ಭಯವಾಗಿ ನೋಡುವ ಆಕೆಯನ್ನು ಆತ ಚೆಲುವ ಹುಡುಗನೆಂದೇ ಭಾವಿಸುತ್ತಾನೆ. ಊರಿಗೆ ಮರಳಿದ ನಂತರ ನವಜಾತ ಮಗಳನ್ನು ಎತ್ತಿಕೊಂಡು, ಇವಳನ್ನು ಬೇರೆ ಬಗೆಯಲ್ಲಿ ಬೆಳೆಸಲು ಸಾಧ್ಯವಾದರೆ ಎಂದು ಯೋಚಿಸುವ ಸನ್ನಿವೇಶ ಕಾದಂಬರಿಯ ಹೃದಯಭಾಗ. ಹಾಗಿದ್ದರೂ ಹೆಣ್ಣು ತನಗೆ ಸಮಾನಳೆಂಬುದನ್ನು ಆಲ್‌ಫ್ರೆಡ್ ಪೂರ್ತಿಯಾಗಿ ಗ್ರಹಿಸಲಾರ, ಮತ್ತು ಈ ಮಿತಿಯನ್ನು ಲೇಖಕಿ ಮುಚ್ಚಿಡುವುದಿಲ್ಲ.

ಫ್ಯಾಸಿಸಂ ಬರಿಯ ರಾಜಕೀಯ ಸಿದ್ಧಾಂತವಲ್ಲ, ಗಂಡಸುತನದ ಆರಾಧನೆ ಅದರ ಬೇರು ಎಂಬುದು ಕೃತಿಯ ವಾದ. ಆ ಕಾಲದ ಫ್ಯಾಸಿಸಂವಿರೋಧಿ ಬರಹಗಳಲ್ಲಿ ಈ ನೋಟ ವಿರಳ. ಬ್ರಿಟನ್ನಿನ ವೈಜ್ಞಾನಿಕ ಕಥಾಪ್ರಿಯರು ೧೯೩೭ರ ಜನವರಿಯಲ್ಲಿ ಲೀಡ್ಸ್ ನಗರದಲ್ಲಿ ತಮ್ಮ ಮೊದಲ ಸಮಾವೇಶವನ್ನು ನಡೆಸಿದ್ದರು; ಬಹುಪಾಲು ಯುವಕರಿಂದ ಕೂಡಿದ್ದ ಆ ವಲಯದಿಂದಾಚೆ, ವಿಕ್ಟರ್ ಗೊಲಾಂಜ್ ಅವರ ಎಡಪಂಥೀಯ ಒಲವಿನ ಪ್ರಕಾಶನದಿಂದ ಅದೇ ವರ್ಷ ಈ ಕಾದಂಬರಿ ಹೊರಬಂದಿತು. ೧೯೪೦ರಲ್ಲಿ, ಫ್ರಾನ್ಸ್ ಶರಣಾಗಿ ಬ್ರಿಟನ್ ಮೇಲೆ ಬಾಂಬ್ ದಾಳಿ ನಡೆದ ವರ್ಷ, ಗೊಲಾಂಜ್ ಅವರ ಲೆಫ್ಟ್ ಬುಕ್ ಕ್ಲಬ್ ಇದನ್ನು ತನ್ನ ಸದಸ್ಯರಿಗಾಗಿ ಮರುಮುದ್ರಿಸಿತು. ಕ್ಲಬ್ಬಿನ ಪಟ್ಟಿಯಲ್ಲಿ ಕಾದಂಬರಿಗಳಿಗೆ ಸ್ಥಾನ ಸಿಗುತ್ತಿದ್ದುದು ಅಪರೂಪ. ಜಾರ್ಜ್ ಆರ್ವೆಲ್ಲರ '೧೯೮೪' ಪ್ರಕಟವಾದದ್ದು ಇದಾಗಿ ಹನ್ನೆರಡು ವರ್ಷಗಳ ಬಳಿಕ. ಎರಡರ ಹೋಲಿಕೆಗಳನ್ನು ವಿಮರ್ಶಕರು ಗುರುತಿಸಿದ್ದಾರಾದರೂ ನೇರ ಪ್ರಭಾವಕ್ಕೆ ಆಧಾರವಿಲ್ಲ.

ಯುದ್ಧಕಾಲ ಮತ್ತು ಕೊನೆಯ ವರ್ಷಗಳು

ಯುದ್ಧಕ್ಕೆ ಮುನ್ನ ಬರ್ಡೆಕಿನ್ ತೀವ್ರ ಖಿನ್ನತೆಗೆ ಒಳಗಾಗಿದ್ದರು. ಗೆಳತಿ, ಲೇಖಕಿ ಮಾರ್ಗರೆಟ್ ಗೋಲ್ಡ್‌ಸ್ಮಿತ್ ಫ್ರಾನ್ಸಿನ ರಾಣಿ ಮರೀ ಆಂತ್ವಾನೆತ್ ಕುರಿತು ತಾವು ಸಂಗ್ರಹಿಸಿದ್ದ ಸಾಮಗ್ರಿಯನ್ನು ಕೊಟ್ಟು ಬರವಣಿಗೆಗೆ ಮರಳುವಂತೆ ಮಾಡಿದರು. ಅದರ ಫಲವಾದ 'ವೀನಸ್ ಇನ್ ಸ್ಕಾರ್ಪಿಯೊ' (೧೯೪೦) ಇವರು ಬದುಕಿದ್ದಾಗ ಪ್ರಕಟವಾದ ಕೊನೆಯ ಕಾದಂಬರಿ. ಯುದ್ಧದ ದಿನಗಳಲ್ಲಿ ಪಾದರಕ್ಷೆ ಕಾರ್ಖಾನೆಯಲ್ಲೂ ಮುಂದೆ ಮುದ್ರಣಾಲಯ ಹಾಗೂ ಹಿಟ್ಟಿನ ಗಿರಣಿಯಲ್ಲೂ ದುಡಿದರು. ಬರೆಯುವುದನ್ನು ನಿಲ್ಲಿಸಲಿಲ್ಲ, ಆದರೆ ಹಸ್ತಪ್ರತಿಗಳು ಮನೆಯಲ್ಲೇ ಉಳಿದವು. ೧೯೫೫ರಲ್ಲಿ ಗಂಭೀರ ಕಾಯಿಲೆಗೆ ತುತ್ತಾಗಿ, ಎಂಟು ವರ್ಷ ಹಾಸಿಗೆ ಹಿಡಿದು ನಿಧನರಾದರು.

ಮರುಶೋಧ

ಅಮೆರಿಕದ ವಿದ್ವಾಂಸೆ ಡ್ಯಾಫ್ನಿ ಪಟಾಯ್ ೧೯೮೦ರ ದಶಕದಲ್ಲಿ ನಡೆಸಿದ ಸಂಶೋಧನೆಯಿಂದ ಕಾನ್‌ಸ್ಟಂಟೈನ್ ಯಾರೆಂಬುದು ಬೆಳಕಿಗೆ ಬಂದಿತು. ೧೯೮೫ರಲ್ಲಿ ಫೆಮಿನಿಸ್ಟ್ ಪ್ರೆಸ್ 'ಸ್ವಸ್ತಿಕ ನೈಟ್' ಕಾದಂಬರಿಯನ್ನು ಬರ್ಡೆಕಿನ್ ಅವರ ಹೆಸರಿನಲ್ಲಿಯೇ ಪ್ರಕಟಿಸಿತು. ೧೯೩೦ರ ದಶಕದಲ್ಲಿ ಬರೆದಿಟ್ಟಿದ್ದ 'ದಿ ಎಂಡ್ ಆಫ್ ದಿಸ್ ಡೇಸ್ ಬಿಸಿನೆಸ್' ೧೯೮೯ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು. ಇಲ್ಲಿ ಆಳುವವರು ಹೆಂಗಸರು. ಗಂಡಸರಿಗೆ ಇತಿಹಾಸದ ಅರಿವಿಲ್ಲ. ಮಗನಿಗೆ ಗತಕಾಲವನ್ನು ತಿಳಿಸಿಕೊಟ್ಟ ತಾಯಿಯೊಬ್ಬಳು ಅದಕ್ಕಾಗಿ ಪ್ರಾಣ ತೆರುತ್ತಾಳೆ.