ಜಾನ್ ಲಾಕ್ ಎಂಬವನ ಚರಿತ್ರೆ

ಅರಸನ ಅಧಿಕಾರವು ಎಲ್ಲಿಂದ ಬಂತು, ಅದು ಎಲ್ಲಿಯ ವರೆಗೆ ಸಲ್ಲುತ್ತದೆ ಎಂಬ ಪ್ರಶ್ನೆಗಾಗಿ 17ನೆಯ ಶತಮಾನದ ಇಂಗ್ಲಂಡ್ ದೇಶದಲ್ಲಿ ಬಹು ರಕ್ತವು ಸುರಿಯಿತು. ಆ ಪ್ರಶ್ನೆಯನ್ನು ಹಲವು ವರುಷ ಆಲೋಚಿಸಿ, ಅದಕ್ಕೆ ಉತ್ತರವನ್ನು ಬರೆದು, ತಾನೇ ಬರೆದೆನೆಂದು ಹೇಳಲು ಅಂಜಿಕೊಂಡಿದ್ದ ಒಬ್ಬ ವೈದ್ಯನ ಸಂಗತಿಯನ್ನು ವಾಚಕರಿಗೆ ತಿಳಿಸುತ್ತೇವೆ.

ಜಾನ್ ಲಾಕನು 1632ನೆಯ ಇಸವಿ ಆಗಸ್ಟ್ 29ರಲ್ಲಿ ಸಾಮರ್ಸೆಟ್ ಸೀಮೆಯ ರಿಂಗ್ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯು ಹಳ್ಳಿಗಾಡಿನ ವಕೀಲನು. 1642ರಲ್ಲಿ ಚಾರ್ಲ್ಸ್ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ಹುಟ್ಟಲು, ಆ ತಂದೆಯು ಪಾರ್ಲಿಮೆಂಟಿನ ಪಕ್ಷದ ಕುದುರೆ ದಂಡಿನಲ್ಲಿ ನಾಯಕನಾದನು. ಅಲ್ಲಿಯ ಮೇಲಧಿಕಾರಿಯ ದಯದಿಂದ ಮಗನಿಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಸ್ಥಳ ದೊರೆಯಿತು. 1649 ಜನವರಿ 30ರಲ್ಲಿ ಆ ಶಾಲೆಗೆ ಸಮೀಪದಲ್ಲಿಯೇ ಅರಸನ ಶಿರಶ್ಛೇದನವಾಯಿತು. ಹುಡುಗನಿಗೆ ಆಗ ಹದಿನಾರು ವರುಷ. 1652ರಲ್ಲಿ ಅವನು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ವಿದ್ಯಾಶಾಲೆಯನ್ನು ಸೇರಿ, ಕಾಲಾನಂತರದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿದನು.

ಲಾಕನು ಮೊದಲಿನಿಂದಲೂ ಸ್ವಾತಂತ್ರ್ಯದ ಪಕ್ಷದವನಾಗಿದ್ದನೆಂದು ಎಣಿಸಬಾರದು. 1660ರಲ್ಲಿ ಅರಸುತನವು ತಿರುಗಿ ಸ್ಥಾಪಿತವಾದಾಗ, ಯುದ್ಧದಿಂದ ಬೇಸತ್ತ ಅನೇಕರಂತೆ ಅವನೂ ಸಂತೋಷಪಟ್ಟನು. ಆರಾಧನೆಯಲ್ಲಿ ದೇವರ ವಾಕ್ಯವು ಆಜ್ಞಾಪಿಸದೆಯೂ ನಿಷೇಧಿಸದೆಯೂ ಇರುವ ಆಚಾರಗಳನ್ನು ಅರಸನು ಜನರ ಮೇಲೆ ಹೊರಿಸಬಹುದೆಂದು ಆಗ ಬರೆದನು. ಆ ಬರಹಗಳು 20ನೆಯ ಶತಮಾನದ ವರೆಗೂ ಅಚ್ಚಾಗಲಿಲ್ಲ. 1665ರ ಕೊನೆಯಲ್ಲಿ ರಾಯಭಾರದ ಕೆಲಸದ ನಿಮಿತ್ತ ಅವನು ಜರ್ಮನಿಯ ಕ್ಲೇವ್ ಪಟ್ಟಣಕ್ಕೆ ಹೋದನು. ಅಲ್ಲಿ ಕಾಲ್ವಿನನ ಮತದವರೂ ಲೂಥರನ ಮತದವರೂ ರೋಮನ್ ಕಥೋಲಿಕರೂ ತಮ್ಮ ತಮ್ಮ ಮಾರ್ಗದಲ್ಲಿ ಆರಾಧಿಸುತ್ತಾ, ಒಂದೇ ಊರಿನಲ್ಲಿ ಜಗಳವಿಲ್ಲದೆ ವಾಸಿಸುವದನ್ನು ಕಣ್ಣಾರೆ ಕಂಡನು. ಹಲವು ಮತಗಳಿದ್ದರೆ ರಾಜ್ಯವು ಒಡೆಯುವದೆಂದು ತನ್ನ ದೇಶದಲ್ಲಿ ಹೇಳುತ್ತಿದ್ದ ಮಾತು ಇಲ್ಲಿ ಸುಳ್ಳಾಗಿತ್ತು.

ಮರುವರುಷ ಅವನಿಗೆ ಆಶ್ಲಿ ಪ್ರಭುವಿನ ಪರಿಚಯವಾಯಿತು. ಇವನೇ ಮುಂದೆ ಶಾಫ್ಟ್ಸ್‌ಬರಿ ಪ್ರಭುವೆನಿಸಿದ ರಾಜಕಾರಣಿ. ಲಾಕನು ಅವನ ಮನೆಯಲ್ಲಿ ವೈದ್ಯನಾಗಿ ನಿಂತನು. 1668ರಲ್ಲಿ ಪ್ರಭುವಿನ ಯಕೃತ್ತಿನೊಳಗೆ ಬಾವು ಎದ್ದು ಪ್ರಾಣಕ್ಕೆ ಬಂದಾಗ, ಲಾಕನ ಮೇಲ್ವಿಚಾರಣೆಯಲ್ಲಿ ಅದನ್ನು ಕೊಯ್ದು, ಕೀವು ಹರಿಯುವ ಹಾಗೆ ಕೊಳವೆಯನ್ನು ಇಟ್ಟರು. ರೋಗಿಯು ಬದುಕಿಕೊಂಡನು. ಆ ಕಾಲದಲ್ಲಿ ಇದು ಆಶ್ಚರ್ಯವೇ ಸರಿ. ಅಂದಿನಿಂದ ಪ್ರಭುವು ಲಾಕನನ್ನು ರಾಜ್ಯಕಾರ್ಯಗಳಲ್ಲಿಯೂ ಆಲೋಚನೆಗೆ ಕರೆಯುತ್ತಿದ್ದನು.

1680ರಲ್ಲಿ ರಾಬರ್ಟ್ ಫಿಲ್ಮರ್ ಎಂಬವನ ಗ್ರಂಥವೊಂದು, ಅವನು ಸತ್ತ ಬಹುಕಾಲದ ಮೇಲೆ, ಅಚ್ಚಾಗಿ ಹೊರಟಿತು. ದೇವರು ಆದಾಮನಿಗೆ ಭೂಮಿಯ ಮೇಲಣ ಒಡೆತನವನ್ನು ಕೊಟ್ಟನು, ಅರಸರು ಅವನ ಹಕ್ಕನ್ನು ಪಡೆದವರು, ಆದಕಾರಣ ಮಕ್ಕಳು ತಂದೆಗೆ ಹೇಗೋ ಪ್ರಜೆಗಳು ಅರಸನಿಗೆ ಹಾಗೆ ಅಧೀನರು ಎಂಬದು ಅದರ ವಾದ. ಲಾಕನು ಆದಿಕಾಂಡವನ್ನೇ ಕೈಯಲ್ಲಿ ಹಿಡಿದು ಇದನ್ನು ಖಂಡಿಸಿದನು. ದೇವರು ಭೂಮಿಯನ್ನು ಒಪ್ಪಿಸಿದ್ದು ಮನುಷ್ಯಜಾತಿಗೆಲ್ಲಾ, ಒಬ್ಬನಿಗಲ್ಲ. ಆದಾಮನಿಗೆ ಅಂಥ ಅಧಿಕಾರವಿದ್ದರೂ ಅವನ ಹಿರೀ ಸಂತತಿ ಯಾರೆಂದು ಈಗ ತೋರಿಸುವವರು ಯಾರು? ಐದನೆಯ ಆಜ್ಞೆಯಾದರೋ ತಂದೆಯನ್ನು ಮಾತ್ರವಲ್ಲ, ತಾಯಿಯನ್ನೂ ಸನ್ಮಾನಿಸೆಂದು ಹೇಳುತ್ತದೆ. ಫಿಲ್ಮರನು ತಾಯಿಯನ್ನು ಬಿಟ್ಟುಬಿಟ್ಟಿದ್ದನು!

ಹಾಗಾದರೆ ದೊರೆತನಕ್ಕೆ ಆಧಾರವೇನು? ಮನುಷ್ಯರೆಲ್ಲರೂ ಒಬ್ಬ ಸೃಷ್ಟಿಕರ್ತನ ಕೈಕೆಲಸವಾಗಿರುವದರಿಂದ ಒಬ್ಬನು ಮತ್ತೊಬ್ಬನ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಸೊತ್ತನ್ನಾಗಲಿ ಕೆಡಿಸಕೂಡದೆಂದು ಅವನು ಬರೆದನು. ಸೊತ್ತು ಹುಟ್ಟುವದು ದುಡಿಮೆಯಿಂದ. ಊಟೆಯ ನೀರು ಎಲ್ಲರದು, ಕೊಡದೊಳಗಿನ ನೀರು ಸೇದಿದವನದು. ಆದರೆ ಇತರರಿಗೆ ಸಾಕಷ್ಟು ಉಳಿದಿರಬೇಕು, ತೆಗೆದುಕೊಂಡದ್ದು ಕೊಳೆತುಹೋಗಬಾರದು. ಈ ಹಕ್ಕುಗಳನ್ನು ಕಾಯುವದಕ್ಕಾಗಿಯೇ ಜನರು ಸಮ್ಮತಿಸಿ ಆಳುವವರನ್ನು ನೇಮಿಸುತ್ತಾರೆ. ಆಳುವವನು ಆ ನಂಬಿಕೆಗೆ ದ್ರೋಹಮಾಡಿದರೆ ಅಧಿಕಾರವು ಜನರಿಗೆ ಹಿಂದಿರುಗುವದು. ಭೂಮಿಯಲ್ಲಿ ನ್ಯಾಯಾಧಿಪತಿ ಇಲ್ಲದ ವ್ಯಾಜ್ಯಕ್ಕೆ, ಅಮ್ಮೋನಿಯರ ಸಂಗಡ ಯುದ್ಧಕ್ಕೆ ಹೊರಟ ಯೆಪ್ತಾಹನನ್ನು ಅವನು ಉದಾಹರಣೆಯಾಗಿ ತೋರಿಸಿದನು.

ಇಂಥ ಬರಹವು ಮೇಜಿನೊಳಗಿದ್ದರೂ ಅಪಾಯ. 1683ರಲ್ಲಿ ಅರಸನನ್ನು ಕೊಲ್ಲಲು ಒಳಸಂಚು ನಡೆದದ್ದು ಬೈಲಿಗೆ ಬಂತು. ಆಲ್ಜರ್ನನ್ ಸಿಡ್ನಿ ಎಂಬವನು ಅರಸರ ಅಧಿಕಾರಕ್ಕೆ ವಿರೋಧವಾಗಿ ಬರೆದಿಟ್ಟಿದ್ದ ಹಾಳೆಗಳೇ ಅವನ ಮೇಲೆ ಸಾಕ್ಷಿಯಾಗಿ, ಅವನ ತಲೆ ಹೋಯಿತು. ಶಾಫ್ಟ್ಸ್‌ಬರಿಯು ಅಷ್ಟರೊಳಗೆ ಹಾಲೆಂಡಿನಲ್ಲಿ ಸತ್ತಿದ್ದನು. ಲಾಕನೂ ಆ ದೇಶಕ್ಕೆ ಓಡಿಹೋಗಿ, ಹೆಸರನ್ನು ಬದಲಾಯಿಸಿಕೊಂಡು ಅಡಗಿದ್ದನು. 1684ರಲ್ಲಿ ಅರಸನ ಆಜ್ಞೆಯಿಂದ ಆಕ್ಸ್‌ಫರ್ಡಿನ ಅವನ ಸ್ಥಾನವೂ ತಪ್ಪಿತು. ಮರುವರುಷ ಫ್ರಾನ್ಸಿನ ಅರಸನು ಪ್ರಾಟೆಸ್ಟಂಟರಿಗೆ ಇದ್ದ ಹಕ್ಕುಗಳನ್ನು ರದ್ದುಮಾಡಲು, ಸಾವಿರಾರು ಕುಟುಂಬಗಳು ಮನೆಮಾರು ಬಿಟ್ಟು ಹಾಲೆಂಡಿಗೆ ಬಂದವು. ಆ ಚಳಿಗಾಲದಲ್ಲಿ ಲಾಕನು ತನ್ನ ಸ್ನೇಹಿತನಾದ ಲಿಂಬೋರ್ಕ್ ಎಂಬ ಬೋಧಕನಿಗೆ ಮತಸಹನೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಪತ್ರವನ್ನು ಬರೆದನು. ಅಧಿಕಾರಿಯ ಆಯುಧವು ಬಲಾತ್ಕಾರ, ನಂಬಿಕೆಯಾದರೋ ಹೃದಯದೊಳಗಿನದು. ಕತ್ತಿಯು ಬಾಯಿಂದ ಒಪ್ಪಿಸೀತು, ನಂಬಿಸಲಾರದು ಎಂಬದು ಅದರ ಸಾರಾಂಶ. ಯೆಹೂದ್ಯರನ್ನೂ ಮುಸಲ್ಮಾನರನ್ನೂ ಮತದ ನಿಮಿತ್ತ ಪೌರಹಕ್ಕಿನಿಂದ ತಳ್ಳಬಾರದೆಂದನು. ನಾಸ್ತಿಕರನ್ನೂ ಪರರಾಜನಿಗೆ ವಿಧೇಯರಾದವರನ್ನೂ ಮಾತ್ರ ಹೊರಗಿಟ್ಟನು.

ಇನ್ನೊಂದು ಸಂಗತಿಯನ್ನು ಮರೆಮಾಡುವದು ಸರಿಯಲ್ಲ. ಆಫ್ರಿಕದವರನ್ನು ಹಿಡಿದು ಮಾರುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಅವನು ಹಣವನ್ನು ಹೂಡಿದ್ದನು. ಒಡೆಯನಿಗೆ ನೀಗ್ರೋ ದಾಸನ ಮೇಲೆ ಸಂಪೂರ್ಣಾಧಿಕಾರ ಕೊಟ್ಟ 1669ರ ಕೆರೊಲಿನ ವಸಾಹತಿನ ನಿಬಂಧನೆಗಳನ್ನು ಸಿದ್ಧಪಡಿಸಿದ್ದರಲ್ಲಿಯೂ ಅವನ ಕೈಯಿತ್ತು. ಮನುಷ್ಯರೆಲ್ಲರೂ ಸಮಾನರೆಂದು ಬರೆದ ಲೇಖನಿಯೇ ಅದು. 1776ರಲ್ಲಿ ಅವನ ವಿಚಾರಗಳನ್ನು ಆಧಾರಮಾಡಿಕೊಂಡು ಸ್ವಾತಂತ್ರ್ಯವನ್ನು ಸಾರಿದ ಅಮೆರಿಕದವರಲ್ಲಿಯೂ ಅನೇಕರು ದಾಸರನ್ನು ಇಟ್ಟುಕೊಂಡಿದ್ದರು.

1688ರಲ್ಲಿ ಎರಡನೆಯ ಜೇಮ್ಸ್ ಅರಸನು ಓಡಿಹೋಗಲು, ಮರುವರುಷ ಫೆಬ್ರವರಿಯಲ್ಲಿ ಲಾಕನು ಮೇರಿ ರಾಣಿಯಾಗಲಿದ್ದವಳ ಹಡಗಿನಲ್ಲಿ ಸ್ವದೇಶಕ್ಕೆ ಬಂದನು. ಮತಸಹನೆಯ ಪತ್ರವೂ ಸರಕಾರದ ಮೇಲಣ ಎರಡು ಪ್ರಬಂಧಗಳೂ ಅದೇ ವರುಷದಲ್ಲಿ ಹೆಸರಿಲ್ಲದೆ ಪ್ರಕಟವಾದವು. ಅವನ ಕೊನೆಯ ವರುಷಗಳು ಎಸೆಕ್ಸ್ ಸೀಮೆಯ ಓಟ್ಸ್ ಎಂಬಲ್ಲಿ ಮ್ಯಾಶಮ್ ಕುಟುಂಬದವರ ಮನೆಯಲ್ಲಿ ಕಳೆದವು. ಉಬ್ಬಸದಿಂದ ಬಹಳ ಕುಗ್ಗಿದ್ದರೂ ಪೌಲನ ಪತ್ರಿಕೆಗಳಿಗೆ ವಿವರಣೆಯನ್ನು ಬರೆಯುತ್ತಿದ್ದನು. 1704 ಅಕ್ಟೋಬರ್ 28ರಲ್ಲಿ, ಮನೆಯ ಯಜಮಾನಿಯು ಕೀರ್ತನೆಗಳನ್ನು ಓದಿ ಕೇಳಿಸುತ್ತಿರುವಾಗ ಪ್ರಾಣಬಿಟ್ಟನು.

ಅವನ ಮರಣಶಾಸನವನ್ನು ತೆರೆದಾಗ, ಸಾಯುವ ಕೆಲವು ವಾರಗಳ ಮುಂಚೆ ಅದಕ್ಕೆ ಸೇರಿಸಿದ್ದ ಕೆಲವು ಸಾಲುಗಳು ಕಂಡವು. ಹದಿನೈದು ವರುಷ ತನ್ನದೆಂದು ಬಹಿರಂಗವಾಗಿ ಒಪ್ಪಿಕೊಳ್ಳದೆ ಇದ್ದ ಆ ಪತ್ರವನ್ನೂ ಪ್ರಬಂಧಗಳನ್ನೂ ತಾನೇ ಬರೆದವನೆಂದು ಅಲ್ಲಿ ತಿಳಿಸಿ, ಅವುಗಳನ್ನು ಆಕ್ಸ್‌ಫರ್ಡಿನ ಗ್ರಂಥಾಲಯಕ್ಕೆ ಕೊಡಬೇಕೆಂದು ಬರೆದಿದ್ದನು.