ಮೆರಿಟ್‌ಗಾಗಿ ಕುರ್ಚಿ ಬಿಟ್ಟವರು

ಇಂಜಿನಿಯರ್ಸ್ ಡೇ ದಿನ ನಾವು ಹಾರ ಹಾಕೋ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಿದ್ದು ಅಣೆಕಟ್ಟಿನ ಜಗಳಕ್ಕಲ್ಲ, ಮೆರಿಟ್ ವಿಷಯಕ್ಕೆ.

ಮುದ್ದೇನಹಳ್ಳಿಯ ಹುಡುಗ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದ್ತಾ ಬೇರೆಯವರ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿದರು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಗೆ ಹೋದರು. 1883ರಲ್ಲಿ ಮೊದಲ ರ‍್ಯಾಂಕ್. ಮರುವರ್ಷವೇ ಮುಂಬೈ ಸರ್ಕಾರದಲ್ಲಿ ನೌಕರಿ. (ನಮ್ಮ ಝಳಕಿ, ಇಂಡಿ ಎಲ್ಲಾ ಆಗ ಅದೇ ಮುಂಬೈ ಪ್ರಾಂತ್ಯ!)

1912ರಲ್ಲಿ ಮೈಸೂರಿನ ದಿವಾನರು. 1916ರಲ್ಲಿ ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು. ಆದ್ರೆ ಓದಿ ದೊಡ್ಡ ಹುದ್ದೆಗೆ ಬರ್ತಿದ್ದವರು ಬಹುಪಾಲು ಬ್ರಾಹ್ಮಣರೇ. ಉಳಿದವರು ಪಾಲು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಶಾಲೆ ಹೆಚ್ಚಲಿ, ಆಯ್ಕೆ ಮಾತ್ರ ಅರ್ಹತೆ ಮೇಲೇ ಇರಲಿ ಅನ್ನೋದು ದಿವಾನರ ನಿಲುವು. ಆ ವರ್ಷವೇ ಹುದ್ದೆ ಬಿಟ್ಟರು.

ಅವರ ಶಿಸ್ತಿಗೆ ನಾನೂ ಕೈ ಮುಗೀತೀನಿ. ಆದ್ರೆ ಅವರ ತಂದೆ ಸಂಸ್ಕೃತ ವಿದ್ವಾಂಸರು. ಬಡತನ ಇತ್ತು, ಪುಸ್ತಕ ಹೊಸದಾಗಿರಲಿಲ್ಲ. ಮನೇಲಿ ಅಕ್ಷರವೇ ಇಲ್ಲದವನ ಮಾರ್ಕ್ಸನ್ನ ಅದೇ ತಕ್ಕಡಿಲಿ ಹೇಗೆ ತೂಗೋದು? ಇಂಗ್ಲಿಷ್ ಮೀಡಿಯಂನ ನಾನೂ, ಝಳಕಿಯ ಸರ್ಕಾರಿ ಕನ್ನಡ ಶಾಲೆಯಿಂದ ಬಂದವನೂ ಸಿಇಟಿಯಲ್ಲಿ ಕೂತಿದ್ದು ಒಂದೇ ಪರೀಕ್ಷೆಗೆ.

1919ರಲ್ಲಿ ಬಂದ ಮಿಲ್ಲರ್ ವರದಿ ಹಿಂದುಳಿದವರಿಗೆ ಹುದ್ದೆಯ ಜೊತೆ ಓದಿಗೂ ನೆರವು ಕೊಡಿ ಅಂತು. ವಿಶ್ವೇಶ್ವರಯ್ಯನವರು 1962ರವರೆಗೆ ಬದುಕಿದ್ದರು. ಸಿಇಟಿಯ 15% ರೂರಲ್ ಕೋಟಾ, 5% ಕನ್ನಡ ಮಾಧ್ಯಮ ಕೋಟಾ ಬಂದದ್ದು ಅವರ ನಂತರ.