ಅಳಿಯನ ವಾಚು ಮತ್ತು ವಿಲ್ಸ್‌ಡಾರ್ಫ್

ವಿಜಯವಾಡದಿಂದ ಹೈದರಾಬಾದ್ ಕಡೆಗೆ ಹೊರಟರೆ ಕೃಷ್ಣಾ ನದಿಯ ದಂಡೆಯಲ್ಲೇ ಸಿಗುವ ಊರು ಇಬ್ರಾಹಿಂಪಟ್ನಂ. ಮೊದಲು ಕಾಣುವುದು ಥರ್ಮಲ್ ಸ್ಟೇಷನ್ನಿನ ಚಿಮಣಿಗಳು, ಊರು ಆಮೇಲೆ. ಹೆಂಡತಿಗೆ ಇಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದ್ದರಿಂದ ನಾನೂ ಬಂದೆ. ನನ್ನದು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೋಡ್ ಬರೆಯುವ ಉದ್ಯೋಗ. ಹಾಗಾಗಿ ಗುಬ್ಬಿಯಲ್ಲಿರುವ ಅಪ್ಪನಿಗೆ ನಾನು ಹಗಲು ಯಾವ ಹೊತ್ತಿನಲ್ಲಾದರೂ ಫೋನಿಗೆ ಸಿಗುವವನು ಎಂಬ ನಂಬಿಕೆ.

ಕಳೆದ ವರ್ಷ ತಂಗಿಯ ಮದುವೆ ಗೊತ್ತಾಯಿತು. ಬೀಗರು ಏನನ್ನೂ ಕೇಳಲಿಲ್ಲ. ಹೊರಡುವಾಗ ಹುಡುಗನ ದೊಡ್ಡಪ್ಪ ಮಾತ್ರ, ಅಳಿಯನ ಕೈಗೆ ಒಂದು ಒಳ್ಳೆಯ ವಾಚು ಕಟ್ಟಿಬಿಡಿ, ಸ್ವಿಸ್ ಆದರೆ ಚೆಂದ ಎಂದು ಹೇಳಿ ಹೋದರು. ನಿವೃತ್ತ ಮೇಷ್ಟ್ರಾದ ಅಪ್ಪ ಖರ್ಚಿನ ಪುಸ್ತಕದಲ್ಲಿ ವಾಚು ಎಂದು ಬರೆದು, ಎದುರಿಗೆ ಎಷ್ಟು ಬರೆಯಬೇಕು ಎಂದು ನನ್ನನ್ನು ಕೇಳಿದರು. ಅವರಿಗೆ ಗೊತ್ತಿರುವ ವಾಚು ಎಂದರೆ ಮದುವೆಯಲ್ಲಿ ನಮ್ಮ ತಾತ ಕೊಟ್ಟ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ನಮ್ಮ ತುಮಕೂರಿನಲ್ಲೂ ಕಾರ್ಖಾನೆ ನಡೆಸಿದ ಎಚ್‌ಎಂಟಿ ಒಂದು ಕಾಲದಲ್ಲಿ ನಮ್ಮ ಕಡೆಯ ಎಲ್ಲ ಅಳಿಯಂದಿರ ಕೈಯಲ್ಲೂ ಇತ್ತು. ಆಗ ಯಾರೂ ಯಾವ ಬ್ರ್ಯಾಂಡು ಎಂದು ಕೇಳುತ್ತಿರಲಿಲ್ಲ.

ನಾನು ಬೆಲೆ ನೋಡಲು ಕುಳಿತೆ. ಸಾವಿರ ರೂಪಾಯಿಯ ಆಸುಪಾಸಿನ ಸೊನಾಟಾದಿಂದ ಹತ್ತಾರು ಲಕ್ಷದವರೆಗೆ ಏಣಿ ಏರುತ್ತಲೇ ಹೋಗುತ್ತದೆ. ಸ್ವಿಸ್ ಎಂದರೂ ಟಿಸೋ ಒಂದು ಮೆಟ್ಟಿಲು, ಲಾಂಜಿನ್ ಇನ್ನೊಂದು, ಒಮೆಗಾ ಅದರ ಮೇಲೆ. ಮೂರೂ ಒಂದೇ ಸ್ವಾಚ್ ಗ್ರೂಪಿನವು. ಅಪ್ಪ ಎಫ್‌ಡಿ ಮುರಿಸುವ ಮಾತಾಡತೊಡಗಿದಾಗ ನನಗೆ ಭಯವಾಯಿತು. ಸಮಯ ತೋರಿಸುವ ಒಂದೇ ಕೆಲಸಕ್ಕೆ ಇಷ್ಟು ಮೆಟ್ಟಿಲು ಯಾರು ಕಟ್ಟಿದರು ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಹಾನ್ಸ್ ವಿಲ್ಸ್‌ಡಾರ್ಫ್ ಎಂಬ ತಬ್ಬಲಿ ಹುಡುಗ.

ಜರ್ಮನಿಯ ಬವೇರಿಯಾದ ಕುಲ್ಮ್‌ಬಾಖ್ ಎಂಬ ಊರಿನಲ್ಲಿ 1881ರ ಮಾರ್ಚ್ 22ರಂದು ಹುಟ್ಟಿದವನು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ತಾಯಿ, ತಂದೆ ಇಬ್ಬರೂ ಇಲ್ಲ. ಸೋದರಮಾವಂದಿರು ಮನೆಯ ವ್ಯಾಪಾರವನ್ನು ಮಾರಿ ಹಣವನ್ನು ಮಕ್ಕಳ ಹೆಸರಿನಲ್ಲಿಟ್ಟು, ಅವರನ್ನು ಹಾಸ್ಟೆಲ್ ಇರುವ ಶಾಲೆಗೆ ಸೇರಿಸಿದರು. ಹುಡುಗನಿಗೆ ಗಣಿತ ಮತ್ತು ಭಾಷೆಗಳು ಚೆನ್ನಾಗಿ ಬಂದವು. ಆ ಇಂಗ್ಲಿಷೇ ಅವನನ್ನು ವಾಚಿನ ಲೋಕಕ್ಕೆ ತಂದದ್ದು. ಸ್ವಿಟ್ಜರ್ಲೆಂಡಿನ ಲಾ ಶೋ ದ ಫೋಂನಲ್ಲಿ ವಾಚು ರಫ್ತು ಮಾಡುವ ಕಂಪನಿಯೊಂದರಲ್ಲಿ ಇಂಗ್ಲಿಷ್ ಪತ್ರವ್ಯವಹಾರ ನೋಡಿಕೊಳ್ಳುವ ಗುಮಾಸ್ತನಾಗಿ ಸೇರಿದ. ಪತ್ರ ಬರೆಯುವುದರ ಜೊತೆಗೆ ದಿನವೂ ನೂರಾರು ಜೇಬುಗಡಿಯಾರಗಳಿಗೆ ಕೀ ಕೊಟ್ಟು, ಯಾವುದು ಎಷ್ಟು ತಪ್ಪುತ್ತದೆ ಎಂದು ನೋಡುವ ಕೆಲಸವೂ ಅವನದೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟೆಸ್ಟಿಂಗ್ ವಿಭಾಗದಿಂದ ಶುರು ಮಾಡಿದವನು. ಅವನು ಜೀವನಪೂರ್ತಿ ಗಡಿಯಾರ ರಿಪೇರಿ ಕಲಿಯಲಿಲ್ಲ. ಯಾವ ಗಡಿಯಾರ ಸರಿ, ಯಾವುದು ತಪ್ಪು ಎಂದು ಗುರುತಿಸುವುದನ್ನು ಮಾತ್ರ ಅಲ್ಲಿ ಕಲಿತ.

1903ರಲ್ಲಿ ಲಂಡನ್ನಿಗೆ ಹೋದ. 1905ರಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಆಲ್ಫ್ರೆಡ್ ಡೇವಿಸ್ ಎಂಬವರ ಜೊತೆ ಪಾಲುದಾರಿಕೆಯಲ್ಲಿ ಅಂಗಡಿ ತೆರೆದ. ಬೀಲ್ ಊರಿನ ಏಗ್ಲರ್ ಕಾರ್ಖಾನೆಯಿಂದ ಪುಟ್ಟ ಯಂತ್ರ ತರಿಸಿ, ಕೇಸಿನಲ್ಲಿ ಕೂರಿಸಿ, ಆಭರಣದ ಅಂಗಡಿಗಳಿಗೆ ಮಾರುವುದು ಅವರ ವ್ಯಾಪಾರ. ಆಗ ಗಂಡಸರು ಕೈಗೆ ವಾಚು ಕಟ್ಟುತ್ತಿರಲಿಲ್ಲ. ಅದು ಹೆಂಗಸರ ಬಳೆಯಂಥದ್ದು, ಇಷ್ಟು ಚಿಕ್ಕ ಯಂತ್ರ ಸಮಯವನ್ನು ಸರಿಯಾಗಿ ತೋರಿಸುವುದೂ ಇಲ್ಲ, ದೂಳು ತಡೆಯುವುದೂ ಇಲ್ಲ ಎಂಬುದು ಎಲ್ಲರ ಅಭಿಪ್ರಾಯ. ವಿಲ್ಸ್‌ಡಾರ್ಫ್ ಆ ಎರಡು ದೂರುಗಳನ್ನೇ ಹಿಡಿದು ಮುಂದಿನ ಮೂವತ್ತು ವರ್ಷ ದುಡಿದ.

ಇನ್ನೊಂದು ತೊಂದರೆಯಿತ್ತು. ಡಯಲ್ ಮೇಲೆ ತಯಾರಕನ ಹೆಸರು ಇರುತ್ತಿರಲಿಲ್ಲ, ಮಾರುವ ಅಂಗಡಿಯ ಹೆಸರು ಇರುತ್ತಿತ್ತು. ಚಿಕ್ಕದಾದ, ಯಾವ ಭಾಷೆಯವರೂ ಸುಲಭವಾಗಿ ಹೇಳಬಲ್ಲ, ಡಯಲ್ ಮೇಲೆ ಹಿಡಿಸುವ ಹೆಸರೊಂದನ್ನು ಹುಡುಕಿ 1908ರಲ್ಲಿ ನೋಂದಾಯಿಸಿದ. ಅದೇ ರೋಲೆಕ್ಸ್. ಆ ಪದಕ್ಕೆ ಅರ್ಥವಿಲ್ಲ. ಅಂಗಡಿಯವರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಮೊದಮೊದಲು ಕೆಲವೇ ವಾಚುಗಳ ಮೇಲೆ ಹೆಸರು ಹಾಕಿಸಿ, ಮೆಲ್ಲಗೆ ಆ ಸಂಖ್ಯೆ ಏರಿಸುತ್ತಾ ಹೋದ.

ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯದಲ್ಲಿ ಹಡಗಿನ ಗಡಿಯಾರಗಳನ್ನು ಪರೀಕ್ಷಿಸುತ್ತಿದ್ದರು. ನಲವತ್ತೈದು ದಿನ ಬೇರೆ ಬೇರೆ ಭಂಗಿಯಲ್ಲಿ, ಚಳಿಯಲ್ಲಿ, ಬಿಸಿಯಲ್ಲಿ ಇಟ್ಟು ಎಷ್ಟು ಸೆಕೆಂಡು ತಪ್ಪಿತು ಎಂದು ಬರೆದಿಡುವ ಪರೀಕ್ಷೆ ಅದು. 1914ರಲ್ಲಿ ರೋಲೆಕ್ಸಿನ ಪುಟ್ಟ ಕೈಗಡಿಯಾರವೊಂದು ಅಲ್ಲಿ ಎ ದರ್ಜೆಯ ಪ್ರಮಾಣಪತ್ರ ಪಡೆಯಿತು. ಅದೇ ವರ್ಷ ಯುದ್ಧ. ಕಂದಕದಲ್ಲಿ ಕೂತ ಸೈನಿಕ ಕೋಟಿನ ಜೇಬಿನಿಂದ ಗಡಿಯಾರ ತೆಗೆಯುವಂತಿಲ್ಲವಲ್ಲ, ಹಾಗಾಗಿ ಗಂಡಸರ ಕೈಗೂ ವಾಚು ಬಂತು. ಆದರೆ ಜರ್ಮನ್ ಹೆಸರಿನ ವ್ಯಾಪಾರಿಗೆ ಲಂಡನ್ನಿನಲ್ಲಿ ಅದು ಕೆಟ್ಟ ಕಾಲ. ಆಮದು ವಾಚಿನ ಮೇಲೆ ಸರ್ಕಾರ ಮೂರನೇ ಒಂದು ಪಾಲಿನಷ್ಟು ಸುಂಕ ಹೇರಿತು. ವಿಲ್ಸ್‌ಡಾರ್ಫ್ ಜಿನೀವಾಕ್ಕೆ ನೆಲೆ ಬದಲಿಸಿದ. ಹುಟ್ಟಿದ್ದು ಒಂದು ದೇಶ, ಮದುವೆಯಾಗಿ ಪೌರತ್ವ ಪಡೆದದ್ದು ಇನ್ನೊಂದು, ಬಾಳಿ ಸತ್ತದ್ದು ಮೂರನೆಯದು. ಗುಬ್ಬಿ, ಬೆಂಗಳೂರು, ಇಬ್ರಾಹಿಂಪಟ್ನಂ ಎಂದು ಅಲೆದ ನನಗೆ ಈ ಭಾಗ ಓದುವಾಗ ಅವನು ಸ್ವಲ್ಪ ನಮ್ಮವನೇ ಅನ್ನಿಸಿತು.

ಇನ್ನು ದೂಳು, ನೀರು. 1926ರಲ್ಲಿ ಬಂದ ಆಯ್ಸ್ಟರ್ ಕೇಸಿನಲ್ಲಿ ಹಿಂಬದಿಯ ಮುಚ್ಚಳ, ಗಾಜಿನ ಸುತ್ತಿನ ಬಳೆ, ಕೀ ತಿರುಗಿಸುವ ಗುಂಡಿ ಎಲ್ಲಕ್ಕೂ ಸ್ಕ್ರೂ. ಸಿಂಪಿಯ ಚಿಪ್ಪಿನಂತೆ ಬಿಗಿ. ಮರುವರ್ಷ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೈಟ್ಸ್ ಎಂಬ ಯುವತಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಎರಡನೇ ಬಾರಿ ಈಜಲು ಹೊರಟಾಗ ಆ ವಾಚನ್ನು ಅವಳಿಗೆ ಕೊಟ್ಟ. ಹತ್ತು ಗಂಟೆಗೂ ಹೆಚ್ಚು ಕೊರೆಯುವ ನೀರಿನಲ್ಲಿದ್ದು, ದಡ ಮುಟ್ಟುವ ಮೊದಲೇ ಅವಳನ್ನು ದೋಣಿಗೆ ಎತ್ತಿಕೊಳ್ಳಬೇಕಾಯಿತು. ಅವಳ ಕೊರಳಲ್ಲಿದ್ದ ವಾಚು ಮಾತ್ರ ನಡೆಯುತ್ತಲೇ ಇತ್ತು. ವಿಲ್ಸ್‌ಡಾರ್ಫ್ ಡೇಲಿ ಮೇಲ್ ಪತ್ರಿಕೆಯ ಮುಖಪುಟವನ್ನೇ ಕೊಂಡು ಜಾಹೀರಾತು ಹಾಕಿಸಿದ. ಸೋತ ಈಜಿನಿಂದ ಇಷ್ಟು ಲಾಭ ಮಾಡಿಕೊಂಡ ವ್ಯಾಪಾರಿಯನ್ನು ನಾನು ಬೇರೆ ಕಂಡಿಲ್ಲ. 1931ರಲ್ಲಿ ಕೈಯ ಅಲುಗಾಟದಿಂದಲೇ ತಾನಾಗಿ ಕೀ ಸುತ್ತಿಕೊಳ್ಳುವ ರೋಟರ್ ಬಂತು.

ನಾನು ಹುಡುಕುತ್ತಿದ್ದ ಮೆಟ್ಟಿಲು ಇರುವುದು ಮುಂದಿನ ಘಟ್ಟದಲ್ಲಿ. ರೋಲೆಕ್ಸ್ ಕೊಳ್ಳಲಾಗದವರು ಬಹಳ ಮಂದಿ ಇದ್ದಾರೆ, ಅವರಿಗೂ ನಂಬಬಹುದಾದ ವಾಚು ಬೇಕು ಎಂದು ಅವನಿಗೆ ಗೊತ್ತಿತ್ತು. ರೋಲೆಕ್ಸಿನ ಬೆಲೆ ಇಳಿಸಿದರೆ ಹೆಸರು ಇಳಿಯುತ್ತದೆ. ಅದಕ್ಕೆ ಟ್ಯೂಡರ್ ಎಂಬ ಬೇರೆ ಹೆಸರನ್ನು 1926ರಲ್ಲೇ ಕಾದಿರಿಸಿಕೊಂಡು, 1946ರಲ್ಲಿ ಬೇರೆ ಕಂಪನಿಯನ್ನೇ ಮಾಡಿದ. ಹೊರಗಿನ ಆಯ್ಸ್ಟರ್ ಕೇಸು ರೋಲೆಕ್ಸಿನದೇ, ಒಳಗಿನ ಯಂತ್ರ ಹೊರಗಿನಿಂದ ಕೊಂಡದ್ದು, ಬೆಲೆ ಕಡಿಮೆ, ಗ್ಯಾರಂಟಿಗೆ ರೋಲೆಕ್ಸೇ ಜವಾಬ್ದಾರಿ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬ ಲೆಕ್ಕ ಅಷ್ಟೆ. ನಮ್ಮ ಟೈಟಾನಿನವರು ಸೊನಾಟಾ, ಫಾಸ್ಟ್‌ಟ್ರ್ಯಾಕ್, ಟೈಟಾನ್, ಚಿನ್ನದ ನೆಬ್ಯುಲಾ ಎಂದು ಬೇರೆ ಬೇರೆ ಹೆಸರಿಟ್ಟಿರುವುದೂ ಇದೇ ದಾರಿಯಲ್ಲಿ.

ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಪತ್ರ ಬರೆದರೆ ವಾಚು ಕಳಿಸುತ್ತಿದ್ದ. ಹಣ ಯುದ್ಧ ಮುಗಿದ ಮೇಲೆ ಕೊಟ್ಟರೆ ಸಾಕು. ಯುದ್ಧ ಯಾರು ಗೆಲ್ಲುತ್ತಾರೆಂದೇ ಗೊತ್ತಿಲ್ಲದಾಗ ಕೊಟ್ಟ ಸಾಲ ಅದು. 1944ರಲ್ಲಿ ಹೆಂಡತಿ ಫ್ಲಾರೆನ್ಸ್ ತೀರಿಕೊಂಡಳು. ಮಕ್ಕಳಿರಲಿಲ್ಲ. ಮರುವರ್ಷ ತನ್ನ ಹೆಸರಿನ ಪ್ರತಿಷ್ಠಾನ ಕಟ್ಟಿ, ಕಂಪನಿಯ ತನ್ನ ಪಾಲನ್ನು ಅದಕ್ಕೆ ಬಿಟ್ಟುಕೊಟ್ಟ. 1960ರ ಜುಲೈ 6ರಂದು ಜಿನೀವಾದಲ್ಲಿ ತೀರಿಹೋದ. ರೋಲೆಕ್ಸಿನ ಒಡೆತನ ಇಂದಿಗೂ ಆ ಪ್ರತಿಷ್ಠಾನದ್ದು. ಅವನು ಹೋಗಿ ಹತ್ತು ವರ್ಷ ತುಂಬುವ ಮೊದಲೇ ಕ್ವಾರ್ಟ್ಸ್ ವಾಚು ಬಂತು. ಸೆಕೆಂಡಿಗೆ 32,768 ಸಲ ನಡುಗುವ ಹರಳು, ಅಂದರೆ ಎರಡರ ಹದಿನೈದನೇ ಘಾತ. ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡು. ಸಾವಿರ ರೂಪಾಯಿಯ ವಾಚು ಇಂದು ಲಕ್ಷಗಟ್ಟಲೆಯ ಕೀ ವಾಚಿಗಿಂತ ಕರಾರುವಾಕ್ಕಾಗಿ ನಡೆಯುತ್ತದೆ.

ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. ಸಮಯ ಬೇಕಾದರೆ ಸಾವಿರ ಸಾಕು, ಬಾಳಿಕೆ ಬೇಕಾದರೆ ಕೆಲವು ಸಾವಿರ ಸಾಕು, ಅದರಾಚೆ ಕೊಡುವುದೆಲ್ಲ ಕೈಕೆಲಸಕ್ಕೆ ಮತ್ತು ಹೆಸರಿಗೆ ಎಂದೆ. ಹೆಸರಿಗೇ ತಾನೇ ಅವರು ಕೇಳಿದ್ದು ಎಂದರು ಅಪ್ಪ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಎರಡು ದಿನ ಬಿಟ್ಟು, ಸಂಕೋಚ ಬಿಟ್ಟು, ಹುಡುಗನಿಗೇ ಫೋನ್ ಮಾಡಿದೆ. ದೊಡ್ಡಪ್ಪ ಹಾಗೆ ಹೇಳಿದ್ದೇ ಅವನಿಗೆ ಗೊತ್ತಿರಲಿಲ್ಲ. ನಾಚಿಕೊಂಡ. ತಾನು ಕಟ್ಟುವುದು ಹೆಜ್ಜೆ ಎಣಿಸುವ ಬ್ಯಾಂಡು, ವಾಚೇ ಬೇಡ ಎಂದ. ಬೇಡ ಎಂದರೆ ಅಪ್ಪನಿಗೆ ಬೇಸರವಾಗುತ್ತದೆ ಎಂದು ನಾನು ಹೇಳಬೇಕಾಯಿತು.

ವಿಜಯವಾಡದ ಅಂಗಡಿಯೊಂದರಲ್ಲಿ ಟೈಟಾನಿನ ಆಟೊಮ್ಯಾಟಿಕ್ ಕೊಂಡೆ. ಎಫ್‌ಡಿ ಮುರಿಯಲಿಲ್ಲ. ಊರಿಗೆ ಒಯ್ದಾಗ ಅಪ್ಪ ಪೆಟ್ಟಿಗೆ ತೆರೆದವರೇ ಬ್ರ್ಯಾಂಡು ನೋಡಲಿಲ್ಲ, ಬೆಲೆ ಕೇಳಲಿಲ್ಲ. ವಾಚನ್ನು ಕಿವಿಗೆ ಹಿಡಿದರು. ಟಿಕ್ ಟಿಕ್ ಕೇಳಿಸಿದ ಮೇಲೆ ತಮ್ಮ ಎಚ್‌ಎಂಟಿಯನ್ನು ಇನ್ನೊಂದು ಕಿವಿಗೆ ಹಿಡಿದು ಹೊತ್ತು ಕೂತರು. ಹುಡುಗನ ದೊಡ್ಡಪ್ಪ ಧಾರೆಯ ದಿನ ಅಳಿಯನ ಕೈ ಹಿಡಿದು, ವಾಚು ತಿರುಗಿಸಿ ಹಿಂಬದಿ ನೋಡಿದರು. ಏನೂ ಹೇಳದೆ ಊಟಕ್ಕೆ ಹೋದರು.